ನೋವಿಲ್ಲ ಎಂದವನು

"ಏನ್ರೀ, ಒಂದು ವಾರದಿಂದ ನನ್ನ ಕಾಲನ್ನೇ ನೋಡ್ತಿದೀರಲ್ಲ, ಏನಾದ್ರೂ ಬಿದ್ದಿದೆಯಾ ಅಲ್ಲಿ?"

ಮಾರಿಕುಪ್ಪಂ ಕಡೆಯಿಂದ ಬರಬೇಕಾದ ಬೆಳಗಿನ ರೈಲು ಊರಿಗಾಂ ಸ್ಟೇಷನ್ನಿಗೆ ಇನ್ನೂ ಬಂದಿರಲಿಲ್ಲ. ಲಿಖಿತ ಪುಸ್ತಕದಿಂದ ತಲೆ ಎತ್ತಿದಳು. ಎದುರಿಗೆ ನಿಂತಿದ್ದವನ ಮುಖವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಕಾಲುಗಳ ಪರಿಚಯ ಮಾತ್ರ ಚೆನ್ನಾಗಿಯೇ ಇತ್ತು.

ಕೆನ್ನೆ ಬಿಸಿಯಾಯಿತು. "ಸಾರಿ. ನಿಮ್ಮನ್ನ ನೋಡ್ತಿರಲಿಲ್ಲ. ಟ್ರೆಂಡೆಲೆನ್‌ಬರ್ಗ್ ನೋಡ್ತಿದ್ದೆ."

"ಅದ್ಯಾವ ಊರು?"

"ಊರಲ್ಲ, ನಡಿಗೆ. ಬಲಗಾಲ ಮೇಲೆ ಭಾರ ಬಿದ್ದಾಗೆಲ್ಲ ನಿಮ್ಮ ಮೈ ಬಲಕ್ಕೆ ವಾಲುತ್ತೆ. ಸೊಂಟದ ಪಕ್ಕದಲ್ಲಿರೋ ಸ್ನಾಯು ವೀಕ್ ಆದ್ರೆ ಹಂಗಾಗುತ್ತೆ. ನಾನು ಫಿಸಿಯೋಥೆರಪಿಸ್ಟು. ಪರೀಕ್ಷೆಗೆ ಓದ್ತಿದೀನಿ. ಪುಸ್ತಕದಲ್ಲಿ ಚಿತ್ರ ಇದೆ, ಆದ್ರೆ ಚಿತ್ರ ನಡೆಯಲ್ಲ ನೋಡಿ."

ಅವನು ಕೋಪ ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ಒಂದು ಗಳಿಗೆ ನಿಂತ. ಆಮೇಲೆ ತುಟಿಯಂಚಿನಲ್ಲಿ ನಗು ಮೂಡಿತು.

"ನಾನು ಬೇರೆ ಏನೋ ಅಂದ್ಕೊಂಡು ನಿನ್ನೆ ಹೊಸ ಪ್ಯಾಂಟ್ ಹಾಕ್ಕೊಂಡು ಬಂದಿದ್ದೆ," ಎಂದ.

ಅವನ ಹೆಸರು ನವನೀತ್. ಬಂಗಾರಪೇಟೆಯ ಒಂದು ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಮಾಡುತ್ತಿದ್ದ. ಅಪ್ಪ ವಿಶ್ವನಾಥ್ ಕಾರ್ಖಾನೆ ಕೆಲಸಕ್ಕೆಂದು ದಾವಣಗೆರೆ ಕಡೆಯಿಂದ ಬಂದು ಇಲ್ಲಿಯೇ ಉಳಿದವರು. ಊರಿಗಾಂನ ಹಳೆಯ ಚಿನ್ನದ ಗಣಿ ಕಂಪನಿಯ ಬಂಗಲೆಯೊಂದರ ಅರ್ಧ ಭಾಗದಲ್ಲಿ ಅವರ ವಾಸ. ಮೂರು ವರ್ಷದ ಹಿಂದೆ ಬೈಕ್ ಜಾರಿ ಬಿದ್ದಾಗ ನವನೀತನ ಬಲ ಸೊಂಟದ ಕೀಲು ತಪ್ಪಿತ್ತು. ಆಸ್ಪತ್ರೆಯಲ್ಲಿ ಕೂಡಿಸಿದರು, ಎಕ್ಸ್‌ರೇ ಸರಿಯಿದೆ ಎಂದರು. ಕುಂಟು ಮಾತ್ರ ಉಳಿದುಕೊಂಡಿತು.

ಲಿಖಿತಳದು ಅಲ್ಲೇ ಪಕ್ಕದ ಹಳ್ಳಿ. ಅಪ್ಪ ವೆಂಕಟೇಶಪ್ಪನಿಗೆ ನಾಲ್ಕು ಸೀಮೆಹಸು, ಒಂದಿಷ್ಟು ಟೊಮ್ಯಾಟೊ. ಅವಳು ಬಂಗಾರಪೇಟೆಯಲ್ಲಿ ಸೆಲ್ವರಾಜ್ ಎಂಬ ಹಿರಿಯ ಫಿಸಿಯೋಥೆರಪಿಸ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಮಸ್ಕತ್ತಿನ ಆಸ್ಪತ್ರೆಯೊಂದು ಅವಳನ್ನು ಆರಿಸಿತ್ತು. ಅಲ್ಲಿಯ ಲೈಸೆನ್ಸ್ ಪರೀಕ್ಷೆ ಪಾಸಾದರೆ ಕೆಲಸ ಅವಳದು. ಒಂದು ಸಲ ಬರೆದು ಫೇಲಾಗಿದ್ದಳು. ಎರಡನೆಯದಕ್ಕೆ ನಲವತ್ತು ದಿನ ಉಳಿದಿತ್ತು. ಆ ನಲವತ್ತು ದಿನ ಅವಳ ಮೈಯೊಳಗೆ ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಕುಳಿತರೆ ಏಳಬೇಕು, ಎದ್ದರೆ ಪುಸ್ತಕ ಹಿಡಿಯಬೇಕು, ಹಿಡಿದರೆ ಓದಿದ ಸಾಲನ್ನೇ ಮತ್ತೆ ಓದಬೇಕು.

"ಪುಸ್ತಕ ಇಲ್ಲಿ ಕೊಡಿ," ಎಂದ ನವನೀತ್, ಮಾರನೆಯ ದಿನ ರೈಲಿನಲ್ಲಿ ಎದುರು ಸೀಟಿಗೆ ಬಂದು ಕೂತು. "ನಾನು ಮೇಷ್ಟ್ರು. ಪ್ರಶ್ನೆ ಕೇಳೋದು ನನ್ನ ಕೆಲಸ."

ಅಂದಿನಿಂದ ಬಂಗಾರಪೇಟೆಯವರೆಗಿನ ಅರ್ಧ ಗಂಟೆ ಅವನದಾಯಿತು.

"ಭುಜ ಬಿಗಿದುಕೊಂಡಿದೆ. ಎಲ್ಲಕ್ಕಿಂತ ಹೆಚ್ಚು ಕಮ್ಮಿಯಾಗೋ ಚಲನೆ ಯಾವುದು?"

"ಹೊರಕ್ಕೆ ತಿರುಗಿಸೋದು."

"ಅಂದ್ರೆ ಏನು ಮಾಡೋಕೆ ಕಷ್ಟ?"

"ತಲೆ ಬಾಚ್ಕೊಳ್ಳೋಕೆ."

ಅವನು ಪುಸ್ತಕದ ಮೇಲಂಚಿನಿಂದ ಅವಳ ಕೂದಲನ್ನು ನೋಡಿದ. ಕಿಟಕಿಯ ಗಾಳಿಗೆ ಅರ್ಧ ಬಿಚ್ಚಿಹೋಗಿದ್ದ ಜಡೆ ಅದು. "ನಿಮಗೆ ಎರಡೂ ಭುಜ ಬಿಗಿದಿರೋ ಹಾಗಿದೆ," ಎಂದ. ಅವಳು ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನು ಇನ್ನೂ ನೋಡುತ್ತಲೇ ಇದ್ದ.

"ಮುಂದಿಂದು. ಒಂದೇ ಕಾಲಿನ ಮೀನಖಂಡ ಊದಿದೆ, ಬಿಸಿಯಾಗಿದೆ. ಮಸಾಜ್ ಮಾಡ್ತೀರಾ?"

"ಮುಟ್ಟೋದೇ ಇಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿರಬೋದು. ತಕ್ಷಣ ಡಾಕ್ಟ್ರ ಹತ್ರ ಓಗಿ ಅಂತೀನಿ."

"ಓಗಿ?"

"ಹೋಗಿ," ಎಂದು ತಿದ್ದಿಕೊಂಡು ಅವಳು ನಾಲಿಗೆ ಕಚ್ಚಿಕೊಂಡಳು. ಮನೆಯ ಮಾತು ಎಲ್ಲರೆದುರು ಹೀಗೆ ಜಾರುತ್ತಿರಲಿಲ್ಲ.

"ಓಗಿನೇ ಚೆನ್ನಾಗಿತ್ತು," ಎಂದ ಅವನು, ಮೆಲ್ಲಗೆ.

ಆ ಶನಿವಾರ ಅವಳೇ ಅವನನ್ನು ಕ್ಲಿನಿಕ್ಕಿಗೆ ಕರೆದಳು. ನಿಮ್ಮ ನಡಿಗೆ ಸುಧಾರಿಸಬಹುದು, ಯಾಕೆ ಹಾಗೇ ಬಿಟ್ಟಿದ್ದೀರಿ ಎಂದಳು. ಹಳೆಯ ಎಕ್ಸ್‌ರೇ ನೋಡಿದಳು. ಬಲಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದಳು. ಎಡ ಸೊಂಟ ಕೆಳಗಿಳಿಯಿತು, ಪುಸ್ತಕದಲ್ಲಿ ಇದ್ದ ಹಾಗೆಯೇ.

"ತೊಡೆಸಂದಿಯಲ್ಲಿ ನೋವಿದೆಯಾ? ಇದ್ರೆ ಹೇಳಿ, ವ್ಯಾಯಾಮ ಶುರು ಮಾಡಲ್ಲ."

ಅವಳ ಕೈ ಅವನ ಸೊಂಟದ ಮೂಳೆಯ ಮೇಲಿತ್ತು. ಹಣೆಯ ಮೇಲೆ ಸಣ್ಣ ಗೆರೆ ಎಳೆದುಕೊಂಡು, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ನೋವಿಲ್ಲ," ಎಂದ ನವನೀತ್.

ವಾರಕ್ಕೆ ಮೂರು ಸಂಜೆ ಅವನು ಬರತೊಡಗಿದ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಅವಳು ಎಣಿಸುತ್ತಿದ್ದಳು. ಅವನು ನೆಟ್ಟ ನೋಟದಿಂದ ಅವಳನ್ನು ನೋಡುತ್ತಾ ಕಾಲೆತ್ತುತ್ತಿದ್ದ.

"ಏಳು, ಎಂಟು, ಒಂಬತ್ತು... ಒಂಬತ್ತು..."

"ಒಂಬತ್ತು ಆದ್ಮೇಲೆ ಹತ್ತು ಮಾ," ಎನ್ನುತ್ತಿದ್ದರು ಪರದೆಯ ಆಚೆಯಿಂದ ಸೆಲ್ವರಾಜ್.

ಮನೆಯಲ್ಲಿ ಅಜ್ಜಿ ಅಕ್ಕಯ್ಯಮ್ಮ ಬೇರೆಯೇ ಲೆಕ್ಕ ಹಾಕುತ್ತಿದ್ದಳು. "ಏನಮ್ಮಿ ಇದು, ಅನ್ನ ಕಲಸ್ಕಂಡು ಅಂಗೇ ಕುಂತಿದ್ದೀಯ. ಮುಂಚೆ ಪುಸ್ತಕ ನೋಡ್ಕಂಡು ಬಾಯಾಡಿಸ್ತಿದ್ದೆ. ಈಗ ಗೋಡೆ ನೋಡ್ಕಂಡು ನಗ್ತೀಯ. ಆ ಪರೀಕ್ಸೆ ಗೋಡೆ ಮ್ಯಾಲೆ ಬರ್ದವ್ರಾ?"

ನಗುತ್ತಿದ್ದಳು, ನಿಜ. ಆದರೆ ಒಳಗೆ ಸಮಾಧಾನವಿರಲಿಲ್ಲ. ಪಾಸಾದರೆ ಮಸ್ಕತ್ತು, ಫೇಲಾದರೆ ಅವಮಾನ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದಾಳೆ ಎಂಬುದು ಅವಳಿಗೇ ತಿಳಿಯುತ್ತಿರಲಿಲ್ಲ. ಇನ್ನೊಂದು ವಿಷಯವೂ ಕೊರೆಯುತ್ತಿತ್ತು. ಮೂರು ವಾರ ಕಳೆದರೂ ಅವನ ನಡಿಗೆ ಸುಧಾರಿಸಿರಲಿಲ್ಲ. ಇನ್ನೂ ಹೆಚ್ಚು ವಾಲುತ್ತಿದ್ದ. ಸ್ನಾಯು ಸಾಲದು ಎಂದುಕೊಂಡು ಅವಳು ಮೆಟ್ಟಿಲುಗಳನ್ನು ಹೆಚ್ಚಿಸಿದಳು.

ಪರೀಕ್ಷೆಗೆ ಹನ್ನೆರಡು ದಿನವಿದ್ದಾಗ, ಕೀಲಿನ ಕೋನ ಅಳೆಯುವ ಅಭ್ಯಾಸಕ್ಕೆಂದು ಅವನನ್ನು ಅಂಗಾತ ಮಲಗಿಸಿದಳು. ಬಲ ಮಂಡಿ ಮಡಿಸಿ, ಸೊಂಟದ ಕೀಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದಳು. ಅದು ಅರ್ಧದಲ್ಲೇ ನಿಂತಿತು. ಮೊದಲ ದಿನ ಇಷ್ಟು ಬಿಗಿಯಿರಲಿಲ್ಲ. ಆಮೇಲೆ ಅವಳು ಇದನ್ನು ಅಳೆದೇ ಇರಲಿಲ್ಲ.

ಅವನ ಬೆರಳುಗಳು ಮಂಚದ ಹಾಸನ್ನು ಹಿಡಿದುಕೊಂಡವು.

"ನೋವಿದೆಯಾ?"

"ಇಲ್ಲ."

"ನವನೀತ್."

ಅವನು ಛಾವಣಿ ನೋಡುತ್ತಿದ್ದ. "ಇದೆ."

"ಎಲ್ಲಿ?"

"ತೊಡೆಸಂದಿಯಲ್ಲಿ. ಮಲಗಿದ್ರೂ ಇರುತ್ತೆ."

"ಎಷ್ಟು ದಿನದಿಂದ?"

"ನಿಮ್ಮನ್ನ ನೋಡೋಕೆ ಮುಂಚಿಂದ. ಆಗ ಸ್ವಲ್ಪ ಇತ್ತು." ಅವನು ಉಸಿರೆಳೆದುಕೊಂಡ. "ನೋವಿದ್ರೆ ಶುರು ಮಾಡಲ್ಲ ಅಂದ್ರಿ ನೀವು. ಶುರು ಆಗ್ಲಿ ಅನ್ನಿಸ್ತು."

ಲಿಖಿತ ಅವನ ಕಾಲನ್ನು ಮೆಲ್ಲಗೆ ಕೆಳಗಿಳಿಸಿದಳು. ಕೀಲು ತಪ್ಪಿದಾಗ ತೊಡೆಮೂಳೆಯ ತಲೆಗೆ ಹೋಗುವ ಸಣ್ಣ ರಕ್ತನಾಳಗಳು ಹರಿಯಬಹುದು. ರಕ್ತವಿಲ್ಲದ ಮೂಳೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತಾ ಹೋಗಬಹುದು. ತೊಡೆಸಂದಿಯ ನೋವು, ಒಳಕ್ಕೆ ತಿರುಗದ ಸೊಂಟ, ದಿನೇ ದಿನೇ ಹೆಚ್ಚುವ ಕುಂಟು. ಆ ಪುಟವನ್ನು ಅವಳು ಹತ್ತು ಸಲ ಓದಿದ್ದಳು. ಅಂಥ ಮೂಳೆಯ ಮೇಲೆ ಭಾರ ಹಾಕಿಸಿ ತಾನೇ ಮೆಟ್ಟಿಲು ಹತ್ತಿಸಿದ್ದಳು.

"ಏಳ್ಬೇಕಾಗಿತ್ತು ತಾನೆ," ಎಂದಳು, ಮನೆಯ ಮಾತಿಗೆ ಜಾರಿ. "ಮೊದಲ ದಿನಾನೇ ಏಳ್ಬೇಕಾಗಿತ್ತು."

"ಈಗ ಏಳ್ತೀನಿ, ಕೈ ಕೊಡಿ," ಎಂದು ಅವನು ನಗಿಸಲು ನೋಡಿದ.

ಅವಳು ನಗಲಿಲ್ಲ. ಕಣ್ಣು ತುಂಬಿ ಬಂದದ್ದನ್ನು ಕಂಡು ಅವನ ನಗುವೂ ಹೋಯಿತು. ಅವಳು ಗೋಡೆಗೆ ಒರಗಿಸಿಟ್ಟಿದ್ದ ಊರುಗೋಲುಗಳನ್ನು ತಂದು ಅವನ ಎತ್ತರಕ್ಕೆ ಸರಿ ಮಾಡಿದಳು. "ಈ ಕಾಲಿನ ಮೇಲೆ ಭಾರ ಹಾಕ್ಬೇಡಿ. ನಾಳೆ ಬೆಳಗ್ಗೆ ಬೆಂಗಳೂರಿಗೆ ಹೋಗಿ ಮೂಳೆ ಡಾಕ್ಟ್ರನ್ನ ನೋಡ್ಬೇಕು. ಎಂಆರ್‌ಐ ಬೇಕಾಗುತ್ತೆ."

"ನಿಮ್ಮ ಪರೀಕ್ಷೆ ಮುಗೀಲಿ. ಅಲ್ಲೀವರೆಗೂ ಪ್ರಶ್ನೆ ಕೇಳೋರು ಯಾರು?"

"ನಾಳೆ," ಎಂದಳು ಅವಳು. ಅವನು ಊರುಗೋಲು ಹಿಡಿದು ಎದ್ದ.

ಅವನು ಹೋದ ಮೇಲೆ ಸೆಲ್ವರಾಜ್ ಬಂದು ಖಾಲಿ ಮಂಚದ ಮೇಲೆ ಕೂತರು. ನಲವತ್ತು ವರ್ಷದ ಹಿಂದೆ ಗಣಿ ಕೆಲಸಗಾರರ ಸೊಂಟ ನೋಡುತ್ತಲೇ ಕೆಲಸ ಕಲಿತವರು ಅವರು. ಗಣಿ ಮುಚ್ಚಿದರೂ ಆ ಕೈಗಳಿಗೆ ಮರೆವು ಬಂದಿರಲಿಲ್ಲ.

"ಸ್ನಾಯು ವೀಕ್ ಅಂತ ಕರೆಕ್ಟಾಗಿ ನೋಡಿದೆ ಮಾ. ಯಾಕೆ ವೀಕ್ ಆಯ್ತು ಅಂತ ನೋಡ್ಲಿಲ್ಲ. ನಾನೂ ಪರದೆ ಆ ಕಡೆ ಕೂತು ಬಿಟ್ಟೆ, ಅದು ನನ್ನ ತಪ್ಪು." ಮಂಚದ ಹಾಸಿನ ಸುಕ್ಕು ಸರಿಮಾಡಿದರು. "ಆದ್ರೆ ಇವತ್ತು ಕಂಡುಹಿಡಿದಿದ್ದು ನೀನೇ."

ಐದು ದಿನ ಅವಳು ಪುಸ್ತಕ ತೆರೆಯಲಿಲ್ಲ. ರೈಲಿನಲ್ಲಿ ಎದುರಿನ ಸೀಟಿನಲ್ಲಿ ಯಾರೋ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಫೋನ್ ಕೈಯಲ್ಲೇ ಇರುತ್ತಿತ್ತು, ಬೆವರಿಗೆ ಒದ್ದೆಯಾಗುತ್ತಿತ್ತು. ಪರೀಕ್ಷೆಗೆ ಹೋಗುವುದೇ ಬೇಡ ಎಂದು ನಿರ್ಧರಿಸುವಳು. ರೈಲು ಊರಿಗಾಂ ಬಿಡುವಷ್ಟರಲ್ಲಿ ಮನಸ್ಸು ಬದಲಾಗುವುದು. ಬಂಗಾರಪೇಟೆ ಬರುವಷ್ಟರಲ್ಲಿ ಮತ್ತೆ ಬೇಡವೆನಿಸುವುದು.

ಆರನೆಯ ದಿನ ಮಧ್ಯಾಹ್ನ ಅವನ ಫೋನ್ ಬಂತು.

"ನೀವು ಹೇಳಿದ್ದೇ. ಮೂಳೆಗೆ ರಕ್ತ ಹೋಗ್ತಿಲ್ಲ. ಆದ್ರೆ ಕುಸಿದಿಲ್ಲ ಇನ್ನೂ. ಸಣ್ಣ ತೂತು ಕೊರೆದು ಒತ್ತಡ ಕಮ್ಮಿ ಮಾಡ್ತಾರಂತೆ. ಇನ್ನೊಂದಾರು ತಿಂಗಳು ಬಿಟ್ಟಿದ್ರೆ ಕೀಲನ್ನೇ ಬದಲಾಯಿಸ್ಬೇಕಿತ್ತು ಅಂದ್ರು ಡಾಕ್ಟ್ರು. ಯಾರು ಕಳಿಸಿದ್ದು ಅಂತ ಕೇಳಿದ್ರು. ನಮ್ಮೂರ ಡಾಕ್ಟ್ರಮ್ಮ ಅಂದೆ."

ಅವಳು ಕ್ಲಿನಿಕ್ಕಿನ ಹಿಂಬಾಗಿಲಲ್ಲಿ ನಿಂತು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು. ಅವನು ಆ ಕಡೆಯಿಂದ ಫೋನ್ ಇಡದೆ ಕಾದ. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದ, "ಮಲಗಿ ಎದ್ದ ತಕ್ಷಣ ತಲೆ ತಿರುಗುತ್ತೆ, ಅರ್ಧ ನಿಮಿಷಕ್ಕೆ ನಿಲ್ಲುತ್ತೆ. ಎಲ್ಲಿದೆ ತೊಂದರೆ?"

"ಪುಸ್ತಕ ಎಲ್ಲಿಂದ ಬಂತು ನಿಮಗೆ?"

"ಪೇಜುಗಳ ಫೋಟೋ ತೆಗೆದಿಟ್ಕೊಂಡಿದ್ದೆ. ಉತ್ತರ ಹೇಳಿ."

"ಒಳಕಿವಿಯಲ್ಲಿ," ಎಂದಳು, ಮೂಗು ಒರೆಸಿಕೊಳ್ಳುತ್ತಾ.

ಆಸ್ಪತ್ರೆಯ ಮಂಚದಿಂದ ದಿನಕ್ಕೆ ಇಪ್ಪತ್ತು ಪ್ರಶ್ನೆ ಬಂದವು. ಆಪರೇಷನ್ನಿನ ದಿನ ಮಾತ್ರ ಎರಡೇ ಬಂದವು. ಅದರಲ್ಲಿ ಎರಡನೆಯದು ನಿದ್ದೆಗಣ್ಣಿನಲ್ಲಿ ಟೈಪ್ ಮಾಡಿದ್ದು, ಓದಲಾಗುವಂತಿರಲಿಲ್ಲ. ಅದನ್ನೂ ಅವಳು ಅಳಿಸಲಿಲ್ಲ.

ಪರೀಕ್ಷೆ ಬರೆದಳು. ಪ್ರತಿ ಪ್ರಶ್ನೆಯಲ್ಲೂ ಒಬ್ಬ ರೋಗಿ ಇದ್ದ, ವಯಸ್ಸು, ನೋವಿನ ಜಾಗ, ನಾಲ್ಕು ಉತ್ತರ. ಈ ಸಲ ಉತ್ತರಗಳಿಗಿಂತ ಮೊದಲು ಆ ಮನುಷ್ಯ ಏನನ್ನು ಮುಚ್ಚಿಟ್ಟಿರಬಹುದು ಎಂದು ಯೋಚಿಸಿದಳು. ವಾರದ ನಂತರ ಪಾಸಾಗಿದ್ದೀರಿ ಎಂಬ ಇಮೇಲ್ ಬಂತು. ಮನೆಯವರಿಗೆ ಹೇಳಿ, ಅಜ್ಜಿ ಬಾಯಿಗಿಟ್ಟ ಸಕ್ಕರೆ ಕರಗುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಟಳು.

ನವನೀತ್ ಬಂಗಲೆಯ ವರಾಂಡದಲ್ಲಿ ಕೂತಿದ್ದ. ಊರುಗೋಲುಗಳು ಪಕ್ಕದಲ್ಲಿದ್ದವು. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು. "ಪಾಸು," ಎಂದ. ಸಂತೋಷಪಟ್ಟ. ಸಂತೋಷದ ಹಿಂದೆಯೇ ಇನ್ನೇನೋ ಬಂದು ಅವನ ಕಣ್ಣಿನಲ್ಲಿ ನಿಂತಿತು.

ಅವಳು ಕೂರಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. "ಒಂದು ವಿಷಯ. ನಾಳೆಯಿಂದ ನಿಮ್ಮ ಕೇಸನ್ನ ಸೆಲ್ವರಾಜ್ ಸರ್ ನೋಡ್ತಾರೆ. ಫೈಲು ಅವರಿಗೆ ಕೊಟ್ಟೆ."

"ಸುಳ್ಳು ಹೇಳಿದೆ ಅಂತಾನಾ?"

"ಅಲ್ಲ."

"ಮಸ್ಕತ್ತಿಗೆ ಹೋಗ್ತೀರಿ ಅಂತ."

"ಅದಕ್ಕೆ ಇನ್ನೂ ಮೂರು ತಿಂಗಳಿದೆ."

"ಮತ್ತೆ ಯಾಕ್ರೀ?"

"ರೋಗಿಯನ್ನ ಪ್ರೀತಿಸಬಾರ್ದು. ನಮ್ಮ ಕೆಲಸದಲ್ಲಿ ಅದು ತಪ್ಪು." ದುಪಟ್ಟಾದ ತುದಿಯನ್ನು ಕೈಬಿಟ್ಟಳು. "ಆ ತಪ್ಪು ಆಗ್ಹೋಗಿದೆ. ನಿಮ್ಮ ಮುಖ ನೋಡ್ತಾ ಕೂತೆ, ಸೊಂಟ ನೋಡ್ಲಿಲ್ಲ. ಇನ್ನು ನಿಮ್ಮ ಕಾಲನ್ನ ಅವರು ನೋಡ್ಕೊಳ್ಲಿ. ಉಳಿದಿದ್ದು ನನಗೆ ಬೇಕು."

ಅವನು ಏಳಲು ಹೋದ. ಅವಳು ಭುಜ ಒತ್ತಿ ಕೂರಿಸಿದಳು. ಆ ಕೈಯನ್ನು ಅವನು ತನ್ನ ಕೈಯಿಂದ ಮುಚ್ಚಿದ, ಬಿಡಲಿಲ್ಲ.

"ಎರಡು ವರ್ಷದ ಒಪ್ಪಂದ," ಎಂದಳು. "ಹೋಗ್ಬೇಕು ಅಂತಾನೂ ಇದೆ ನನಗೆ. ಇಷ್ಟು ಓದಿದೀನಿ. ಕಾಯ್ತೀಯಾ?"

ನೀವು ಎಂಬುದು ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಹುಡುಕಲಿಲ್ಲ.

"ಹೋಗಿ ಬಾ," ಎಂದ ಅವನು. "ಆದ್ರೆ ಭಾನುವಾರ ನಿಮ್ಮ ಮನೆಗೆ ಬಂದು ಅಪ್ಪನ್ನ ಕೇಳ್ತೀನಿ. ಕದ್ದು ಕಾಯೋದು ನನ್ನ ಕೈಲಾಗಲ್ಲ."

ಭಾನುವಾರ ಅವನು ಅಪ್ಪನ ಜೊತೆ ಆಟೋದಲ್ಲಿ ಬಂದಿಳಿದ. ವೆಂಕಟೇಶಪ್ಪ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದರು. ಎಲ್ಲ ಕೇಳಿಸಿಕೊಂಡರು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು. ಆಮೇಲೆ ಬಹಳ ಹೊತ್ತು ಅಂಗಳದ ಕಡೆ ನೋಡುತ್ತಾ ಕೂತರು. ಲಿಖಿತ ಬಾಗಿಲ ಹಿಂದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಿದ್ದಳು.

"ನಮ್ಮ ಕಡೆಯೋರಲ್ಲ," ಎಂದರು ವೆಂಕಟೇಶಪ್ಪ ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ.

"ಅವುನ್ ಕಾಲು ಎಂಗಿದ್ರೂ ಮಾತು ನೆಟ್ಟಗೈತೆ ಕಣ್ಲಾ," ಎಂದಳು ಅಕ್ಕಯ್ಯಮ್ಮ, ಮಗನಿಗೆ. "ಎದ್ರುಗೆ ಬಂದು ಕೇಳವ್ನೆ."

ವೆಂಕಟೇಶಪ್ಪ ಎದ್ದರು. ಒಳಗೆ ಹೋಗಿ ತಾವೇ ಒಂದು ಲೋಟ ಹಾಲು ತಂದು ನವನೀತನ ಕೈಗಿಟ್ಟರು.

"ಅವ್ಳು ಓಗ್ಲಿ, ಕೆಲಸ ಮಾಡ್ಲಿ," ಎಂದರು. "ಅವ್ಳು ಅಲ್ಲಿಂದ ಬರೋಗಂಟ ನೀನು ಇಲ್ಲಿಗೆ ಬತ್ತಾ ಇರಪ್ಪ. ಮನೆ ಬಿಕೋ ಅನ್ಬಾರ್ದು."

ಬಾಗಿಲ ಹಿಂದೆ ಲಿಖಿತ, ಎಷ್ಟೋ ವಾರಗಳ ನಂತರ, ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲೆ, ಏಳುವ ಅವಸರವಿಲ್ಲದೆ, ಸುಮ್ಮನೆ ಕೂತಳು.