ಮೂವತ್ತೆರಡು ಅಡಿ ಸೀಸ

ನೀರು ಗದ್ದಕ್ಕೆ ಬಂದಿತ್ತು.

ಬೆನ್ನ ಮೇಲೆ ಕಲ್ಲು. ಎದೆಯ ಕೆಳಗೆ ಕೆಸರು. ನನ್ನ ತಲೆಯ ಮೇಲಿದ್ದದ್ದು ಅಕ್ಕನ ಅಡುಗೆಮನೆಯ ನೆಲ!

ಹೌದು, ನಾನು ನೆಲದ ಕೆಳಗಿದ್ದೆ. ನೀರಿನ ಪೈಪು ಹಾಯಲೆಂದು ಮನೆ ಕಟ್ಟಿದವರು ಬಿಟ್ಟಿದ್ದ ಸಂದು ಅದು. ಅಗಲ ಎರಡಡಿ. ಎತ್ತರ ಒಂದೂವರೆ. ತೊಂಬತ್ತು ಕೆಜಿಯ ಆಸಾಮಿ ಅದರೊಳಗೆ ತೆವಳಿದ್ದೇ ದೊಡ್ಡ ಮಾತು. ಹಿಂದಕ್ಕೆ ಜಾರಿಕೊಂಡು ಬಂದು, ನಾನು ಒಳಗಿಳಿದಿದ್ದ ಕಿಂಡಿಯ ಮುಚ್ಚಳವನ್ನು ಹಿಮ್ಮಡಿಯಿಂದ ಒದ್ದೆ.

ಅಲುಗಲಿಲ್ಲ.

ಇನ್ನೊಂದು ಸಲ ಒದ್ದೆ. ಮುಚ್ಚಳ ಬಿದ್ದ ಕೂಡಲೇ ಮೇಲೆ ಏನೋ ಭಾರವಾದದ್ದು ಧೊಪ್ಪೆಂದು ಬಿದ್ದ ಸದ್ದು ಕೇಳಿತ್ತು. ಅದರ ಮೇಲೆ ಇನ್ನೊಂದು!

"ಭಾವಾ!" ಎಂದು ಕೂಗಿದೆ. "ಭಾವಾ, ಮುಚ್ಚಳ ತೆಗೀರಿ!"

ಮುಷ್ಟಿಯಿಂದ ಮೇಲಿನ ಕಲ್ಲಿಗೆ ಗುದ್ದಿದೆ.

ಅರ್ಧ ಗಂಟೆಯ ಹಿಂದೆ ರಸ್ತೆಬದಿಯ ಮೀಟರ್ ಗುಂಡಿಯಲ್ಲಿ ಮೇನ್ ವಾಲ್ವನ್ನು ನಾನೇ ಕೈಯಾರೆ ಮುಚ್ಚಿ ಬಂದಿದ್ದೆ. ಈಗ ಅದನ್ನು ಯಾರೋ ತೆರೆದಿದ್ದರು. ನಾನು ಗರಗಸದಿಂದ ಕೊಯ್ದ ಪೈಪಿನ ಬಾಯಿಂದ ನೀರು ಭರ್ರನೆ ನುಗ್ಗುತ್ತಿತ್ತು...

ನಾನು ಇಲ್ಲಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ, ಕೇಳಿ.

ನನ್ನ ಕಸುಬು ಹುಡುಕುವುದು. ಓಡಿಹೋದ ಪಾರ್ಟ್‌ನರ್, ಸುಳ್ಳು ಇನ್ಶೂರೆನ್ಸ್ ಕ್ಲೇಮು, ಸತ್ತಂತೆ ನಟಿಸಿ ಬೇರೆ ಊರಿನಲ್ಲಿ ಸಂಸಾರ ಹೂಡಿದ ಗಂಡ... ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎರಡು ಸಲ ಚಾಕು, ಒಂದು ಸಲ ಗುಂಡು. ಯಾವುದೂ ನನ್ನ ನಿದ್ದೆ ಕೆಡಿಸಿರಲಿಲ್ಲ. ನಿದ್ದೆ ಕೆಡಿಸಿದ್ದು ಅಕ್ಕನ ಫೋನು.

"ಪೈಪೆಲ್ಲ ಬದಲಾಯಿಸಿ ಒಂದು ತಿಂಗಳಾಯ್ತು ಕಣೋ. ಆದ್ರೂ ನೀರಲ್ಲಿ ಸೀಸ ಇದೆ ಅಂತ ರಿಪೋರ್ಟ್ ಬಂದಿದೆ!"

ಅಕ್ಕ ಮನೆಯಲ್ಲೇ ಬೇಬಿ ಸಿಟ್ಟಿಂಗ್ ನಡೆಸುತ್ತಾಳೆ. ಹನ್ನೊಂದು ಮಕ್ಕಳು. ಅವರಲ್ಲಿ ಒಬ್ಬಳು ಆಸ್ಪತ್ರೆಯ ನರ್ಸಮ್ಮನ ಮಗಳು. ಮೂರು ವರ್ಷದ ಚೋಟು. ಯಾವಾಗಲೂ ಹೊಟ್ಟೆನೋವು, ಊಟ ಸೇರದು, ಮಾತು ಹಿಂದೆ ಬಿದ್ದಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಸೀಸ! ಅಕ್ಕನ ಮನೆಗೆ ನೀರು ಬರುತ್ತಿದ್ದದ್ದೇ ಎಪ್ಪತ್ತು ವರ್ಷದ ಹಳೇ ಸೀಸದ ಪೈಪಿನಲ್ಲಿ. ಅದು ಅಷ್ಟಷ್ಟೇ ಕರಗಿ ಲೋಟ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳ ತಲೆಗೇ ಕೈ ಹಾಕುತ್ತದೆ.

ಅಕ್ಕ ಒಂದು ದಿನವೂ ತಡಮಾಡಲಿಲ್ಲ. ಪೈಪ್ ಪೂರ್ತಿ ಬದಲಾಗಲಿ ಎಂದಳು. ಭಾವ ಮೂರು ಕಡೆ ಕೊಟೇಶನ್ ತೆಗೆದುಕೊಂಡರು. ಒಬ್ಬ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಅಂದ. ಇನ್ನೊಬ್ಬ ನಾಲ್ಕು. ಮೂರನೆಯವನು ಒಂದು ಲಕ್ಷ ಅರವತ್ತು ಸಾವಿರ!

ಆ ಮೂರನೆಯವನೇ ಟೆನ್ಶನ್.

ಹುಟ್ಟಿದ ಹೆಸರು ಏನೋ ಯಾರಿಗೆ ಗೊತ್ತು. ಮಾತಿಗೊಮ್ಮೆ "ಟೆನ್ಶನ್ ಬೇಡ ಸಾರ್" ಅನ್ನುವ ಪ್ಲಂಬಿಂಗ್ ಕಂಟ್ರಾಕ್ಟರ್. ಐದೇ ದಿನದಲ್ಲಿ ಕೆಲಸ ಮುಗಿಸಿ, ಬಿಲ್ಲು ಕೊಟ್ಟು, ಹೋಗಿಬಿಟ್ಟ.

ನರ್ಸಮ್ಮನ ಮಗಳನ್ನು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. ಸೀಸ ಇಳಿದಿರಲಿಲ್ಲ. ಏರಿತ್ತು!

ಟೆನ್ಶನ್‌ನನ್ನು ಹಿಡಿಯಲು ನಾನು ಹೊರಟೆ. ಸಾರ್, ಕೊಲೆ ಮಾಡಿ ತಲೆಮರೆಸಿಕೊಂಡವನನ್ನು ನಾನು ನಾಲ್ಕು ದಿನದಲ್ಲಿ ಹಿಡಿದಿದ್ದೇನೆ. ಈ ಪ್ಲಂಬರ್ ಒಂಬತ್ತು ದಿನ ಕೈಗೆ ಸಿಗಲಿಲ್ಲ. "ಸೈಟಲ್ಲಿದ್ದೀನಿ ಸಾರ್." "ನಾಳೆ ಬೆಳಿಗ್ಗೆ ನಿಮ್ಮನೇಲಿರ್ತೀನಿ ಸಾರ್." "ದಾರೀಲಿದ್ದೀನಿ ಸಾರ್, ಹತ್ತೇ ನಿಮಿಷ!" ಆ ಹತ್ತು ನಿಮಿಷಕ್ಕೆ ನಾನು ಎರಡು ಪೂರ್ತಿ ದಿನ ಕಾದೆ. ಅವನ ಆಫೀಸಿಗೆ ಹೋದರೆ ಬೀಗ. ಬೀಗಕ್ಕೂ ತುಕ್ಕು.

ಸಾಕಾಯಿತು. ನಾನೇ ನೋಡುತ್ತೇನೆ ಅಂದೆ.

ಭಾನುವಾರ ಬೆಳಿಗ್ಗೆ ಅಕ್ಕ ನರ್ಸಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿದ್ದಳು. ಮನೆಯಲ್ಲಿ ಭಾವ ಒಬ್ಬರೇ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಮೂವತ್ತು ವರ್ಷ ಚಿಲ್ಲರೆ ಎಣಿಸಿ ರಿಟೈರಾದ ಮನುಷ್ಯ.

"ಅದರೊಳಗೆಲ್ಲ ಯಾಕೆ ಇಳೀತೀಯೋ," ಅಂದರು ಭಾವ. "ಹಾವು ಗೀವು ಇದ್ದೀತು."

"ಇದ್ರೆ ಅದಕ್ಕೂ ಸೀಸ ಏರಿರುತ್ತೆ ಬಿಡಿ," ಅಂದೆ.

ಬಟ್ಟೆ ಒಗೆಯುವ ಜಾಗದಲ್ಲಿದ್ದ ಕಬ್ಬಿಣದ ಮುಚ್ಚಳ ಎತ್ತಿ ಇಳಿದೆ. ಟಾರ್ಚು, ಆಯಸ್ಕಾಂತ, ಚಾಕು, ಗರಗಸ. ಮೊದಲ ಮೂರಡಿ ಹೊಚ್ಚಹೊಸ ಪ್ಲಾಸ್ಟಿಕ್ ಪೈಪು. ಅದರಾಚೆ... ಬೂದಿ ಬಣ್ಣದ ಹಳೇ ಪೈಪು! ಆಯಸ್ಕಾಂತ ಹಿಡಿಯಲಿಲ್ಲ, ಅಂದರೆ ಕಬ್ಬಿಣವಲ್ಲ. ಚಾಕುವಿನಿಂದ ಕೆರೆದೆ. ಬೆಣ್ಣೆಯಂತೆ ಕೆತ್ತಿಕೊಂಡು ಬಂತು, ಕೆಳಗೆ ಬೆಳ್ಳಿಯ ಹೊಳಪು.

ಸೀಸ! ಅಡುಗೆಮನೆಯಿಂದ ರಸ್ತೆಯವರೆಗೂ ಸೀಸ. ನಲ್ಲಿಯ ಹತ್ತಿರ ಮೂರಡಿ, ಮೀಟರಿನ ಹತ್ತಿರ ಎರಡಡಿ ಹೊಸದು ಜೋಡಿಸಿ, ನಡುವಿನದನ್ನು ಹಾಗೇ ಬಿಟ್ಟಿದ್ದ ಮಹಾರಾಯ.

ಸಾಕ್ಷಿಗೆ ಒಂದು ಗೇಣು ಕೊಯ್ದು ಜೇಬಿಗಿಟ್ಟೆ. ಆಗಲೇ ಮುಚ್ಚಳ ಬಿದ್ದದ್ದು. ಆಮೇಲೆ ನೀರು...

ಮೂಗು ಮೇಲಿನ ಕಲ್ಲಿಗೆ ತಾಗುವಂತೆ ಕತ್ತು ತಿರುಗಿಸಿದೆ. ಉಸಿರಾಡಲು ಉಳಿದದ್ದು ನಾಲ್ಕು ಬೆರಳು ಜಾಗ. ಹಿಂದೆ ದಾರಿಯಿಲ್ಲ. ಪೈಪು ಬಂದ ದಾರಿಯೇ ನನಗೂ ದಾರಿ! ಮುಂದಕ್ಕೆ ತೆವಳಿದೆ. ಮೊಣಕೈ ಕಿತ್ತುಹೋಯಿತು. ಒಂದು ಶೂ ಎಲ್ಲೋ ಸಿಕ್ಕಿಕೊಂಡಿತು, ಬಿಟ್ಟೆ. ಟಾರ್ಚು ಆರಿತು. ಕತ್ತಲೆ, ನೀರು, ಎದೆಬಡಿತ. ಎಷ್ಟು ಹೊತ್ತೋ ಗೊತ್ತಿಲ್ಲ... ಕೊನೆಗೆ ಎದುರಿಗೆ ಬೆಳಕಿನ ಒಂದು ಗೆರೆ.

ಮೀಟರ್ ಗುಂಡಿ!

ಅರ್ಧ ತೆರೆದಿದ್ದ ಹಲಗೆಯನ್ನು ತಲೆಯಿಂದಲೇ ಗುದ್ದಿ ಮೇಲೆದ್ದೆ. ಎದುರಿಗೆ, ಕೈಯಲ್ಲಿ ವಾಲ್ವ್ ತಿರುಗಿಸುವ ಮೊಳದುದ್ದದ ಕಬ್ಬಿಣದ ಕೀಲಿ ಹಿಡಿದು, ಕುಕ್ಕರಗಾಲಲ್ಲಿ ಕೂತಿದ್ದ ಟೆನ್ಶನ್.

ಒಂಬತ್ತು ದಿನದ ಮೇಲೆ ದರ್ಶನ!

ಭೂಮಿಯಿಂದ ಎದ್ದ ನನ್ನ ಕೆಸರು ಮುಖ ನೋಡಿ ಅವನ ಬಾಯಿ ತೆರೆಯಿತು. ಕೀಲಿಯನ್ನು ನನ್ನ ತಲೆಗೇ ಬೀಸಿದ. ತಗ್ಗಿದೆ. ಗುಂಡಿಯ ಅಂಚಿನ ಸಿಮೆಂಟು ಹಾರಿತು. ಅವನು ಎದ್ದು ಓಡಿ ವ್ಯಾನ್ ಹತ್ತಿದ.

ನನ್ನ ಕಾರಿನ ಕೀ ಆ ಸಂದಿನ ನೀರಿನಲ್ಲಿ ಎಲ್ಲೋ ಬಿದ್ದಿತ್ತು. ಪಕ್ಕದ ಮನೆಯ ಆಂಟಿ ಆಗತಾನೇ ಸ್ಕೂಟರ್ ನಿಲ್ಲಿಸುತ್ತಿದ್ದರು.

"ಆಂಟಿ, ಸ್ಕೂಟರ್ ಕೊಡಿ!"

"ಅಯ್ಯೋ, ಅದರ ಬ್ರೇಕು..."

ಮುಂದಿನದು ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕಿತ್ತು.

ವ್ಯಾನು ಮಾರ್ಕೆಟ್ ರಸ್ತೆಗೆ ನುಗ್ಗಿತು. ಹಿಂದೆ ನಾನು... ಒಂದೇ ಶೂ, ಮೈಯೆಲ್ಲ ಕೆಸರು, ಕೈಕೆಳಗೆ ಹಾರ್ನ್ ಮಾತ್ರ ಸರಿಯಿರುವ ಸ್ಕೂಟರ್. ತಿರುವಿನಲ್ಲಿ ವ್ಯಾನಿನ ಮೇಲೆ ಕಟ್ಟಿದ್ದ ಪೈಪುಗಳ ಹಗ್ಗ ಕಿತ್ತಿತು. ಇಪ್ಪತ್ತಡಿಯ ಪೈಪುಗಳು ಒಂದರ ಹಿಂದೊಂದು ರಸ್ತೆಗುರುಳಿದವು! ಬಲಕ್ಕೆಳೆದೆ. ಎಡಕ್ಕೆಳೆದೆ. ಒಂದರ ಮೇಲೆ ಹತ್ತಿಸಿ ಇಳಿಸಿದೆ. ಹಣ್ಣಿನ ಗಾಡಿಯವನು ನನ್ನ ವಂಶವನ್ನೆಲ್ಲ ನೆನೆದ.

ಮುಂದೆ ರೈಲ್ವೆ ಗೇಟು. ಮುಚ್ಚಿತ್ತು.

ವ್ಯಾನು ಕಿರ್ರೆಂದು ನಿಂತಿತು. ನಾನು ಬ್ರೇಕ್ ಹಿಡಿದೆ. ಆಂಟಿ ಹೇಳಲು ಹೊರಟಿದ್ದು ಏನೆಂದು ಆಗ ತಿಳಿಯಿತು!

ವ್ಯಾನಿನ ಹಿಂದಿನ ಬಾಗಿಲಿಗೆ ಗುದ್ದಿ ಬಿದ್ದೆ. ಎದ್ದು ಕುಂಟುತ್ತಾ ಹೋಗಿ, ಕಿಟಕಿಯಲ್ಲಿ ಕೈ ತೂರಿಸಿ ಕೀ ಕಿತ್ತೆ. ಇನ್ನೊಂದು ಕೈಯಲ್ಲಿ ಅವನ ಕಾಲರ್.

"ಸಾಯಿಸಬೇಕು ಅಂತಿದ್ದೆಯೇನೋ?"

"ಹೆದರಿಸೋಣ ಅಂತ ಸಾರ್... ಅಷ್ಟೆ! ಟೆನ್ಶನ್..."

"ಬೇಡ ಅಂದ್ರೆ ಹಲ್ಲು ಉದುರುತ್ತೆ."

ಜೇಬಿನಿಂದ ಸೀಸದ ತುಂಡು ತೆಗೆದು ಅವನ ಮೂಗಿಗೆ ಹಿಡಿದೆ.

"ಇದೇನು?"

"ಪೈಪ್ ಸಾರ್."

"ಮೂರು ವರ್ಷದ ಮಗುವಿನ ರಕ್ತದಲ್ಲಿದೆ ಇದು. ನಡಿ, ಸ್ಟೇಷನ್ನಿಗೆ."

ಅವನು ಅಳುತ್ತಾನೆ ಅಂದುಕೊಂಡೆ. ನಕ್ಕುಬಿಟ್ಟ! ಹೆದರಿದವನ ನಗು, ಆದರೂ ನಗು.

"ಹೋಗೋಣ ನಡೀರಿ ಸಾರ್. ನಾನು ಬಾಯಿ ಬಿಟ್ರೆ ಹೋಗೋದು ನಿಮ್ಮನೆ ಮಾನಾನೇ."

"ಏನಂದೆ?"

"ನೀವು ನೆಲದ ಕೆಳಗೆ ಇಳಿದಿದ್ದೀರ ಅಂತ ನನಗೆ ಕನಸು ಬಿತ್ತಾ ಸಾರ್?"

ಗೂಡ್ಸ್ ರೈಲು ಹಾಯುತ್ತಿತ್ತು. ಅವನ ಫೋನು ಕಿತ್ತುಕೊಂಡು ನೋಡಿದೆ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಒಂದು ಕಾಲ್. ಹೆಸರು: ಬೇಬಿ ಸಿಟ್ಟಿಂಗ್ ಸಾರ್.

ಭಾವನ ನಂಬರು.

"ನಾನೂ ಮೊದಲು ಪೂರ್ತಿ ಕೆಲಸಕ್ಕೇ ರೇಟು ಹೇಳಿದ್ದೆ," ಅಂದ ಟೆನ್ಶನ್. "ನೆಲ ಅಗೀಬೇಕು, ಮೂರು ಲಕ್ಷ ಎಂಬತ್ತು ಸಾವಿರ ಅಂದೆ. ಅವರೇ ಹೇಳಿದ್ದು ಸಾರ್, ಕಣ್ಣಿಗೆ ಕಾಣೋದು ಮಾತ್ರ ಬದಲಾಯಿಸು, ಬಿಲ್ಲಲ್ಲಿ ಪೂರ್ತಿ ಅಂತ ಬರಿ ಅಂತ."

ರೈಲಿಗೆ ಐವತ್ತೆಂಟು ಡಬ್ಬಿ. ಎಣಿಸಿದೆ. ಬೇರೇನು ಮಾಡಲೂ ತೋಚಲಿಲ್ಲ.

ಟೆನ್ಶನ್‌ನನ್ನು ಠಾಣೆಯಲ್ಲಿ ಕೂರಿಸಿ ಮನೆಗೆ ಬಂದೆ. ಭಾವನಿಗೆ ಏನು ಮಾಡಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಹಿತ್ತಿಲ ಬಾಗಿಲು ತಳ್ಳಿದವನು ಅಲ್ಲೇ ನಿಂತೆ.

ಎರಡು ಸಿಮೆಂಟ್ ಮೂಟೆಗಳು ಒಡೆದು ಚೆಲ್ಲಾಡಿದ್ದವು. ಮುಚ್ಚಳ ತೆರೆದಿತ್ತು. ಬೆನ್ನುನೋವಿನ ಆ ಮನುಷ್ಯ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಭುಜದವರೆಗೂ ಕೈಯನ್ನು ಕೆಸರು ನೀರಿನಲ್ಲಿ ಮುಳುಗಿಸಿ ತಡಕಾಡುತ್ತಿದ್ದರು.

"ಪುಟ್ಟಾ... ಪುಟ್ಟಾ, ಕೈ ಕೊಡೋ..."

ನನಗೆ ನಲವತ್ತೆಂಟು ವರ್ಷ. ಅವರಿಗೆ ಇನ್ನೂ ಪುಟ್ಟನೇ.

"ಇಲ್ಲಿದ್ದೀನಿ," ಅಂದೆ.

ಭಾವ ತಿರುಗಿದರು. ಮುಖದ ತುಂಬ ಸಿಮೆಂಟು. ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ ತೊಳೆದುಹೋಗಿತ್ತು.

"ನೀನು ಕೆಳಗೆ ನೋಡ್ತಿದ್ದೀಯ ಅಂತ ಮಾತ್ರ ಹೇಳ್ದೆ ಕಣೋ. ಅವನು ಬಂದು ಹೀಗೆ ಮಾಡ್ತಾನೆ ಅಂತ... ಮನೇಲಿರೋಕೆ ಆಗದೆ ಹೊರಗೆ ಹೋಗಿದ್ದೆ, ಬಂದು ನೋಡಿದ್ರೆ ಮುಚ್ಚಳದ ಮೇಲೆ ಮೂಟೆ! ಸರಿಸೋಕೆ ಆಗ್ಲಿಲ್ಲ. ಎಳೆದೆ, ಎಳೆದೆ..."

"ಯಾಕೆ ಭಾವ? ಯಾಕೆ ಹೀಗೆ ಮಾಡಿದ್ರಿ?"

"ನಾಲ್ಕು ಲಕ್ಷ ಎಲ್ಲಿಂದ ತರ್ಲಿ? ಇಲ್ಲ ಅಂದ್ರೆ ಅವಳು ಬೇಬಿ ಸಿಟ್ಟಿಂಗ್ ಮುಚ್ಚಿಬಿಡ್ತಿದ್ಲು. ಆ ಮಕ್ಕಳಿಲ್ಲದೆ ಅವಳು ಬದುಕ್ತಾಳಾ? ನಾವೂ ಮೂವತ್ತು ವರ್ಷದಿಂದ ಅದೇ ನೀರು ಕುಡಿದಿದ್ದೀವಿ, ನಮಗೇನಾಗಿದೆ ಅಂದ್ಕೊಂಡೆ..."

ಹೊಡೆಯಬೇಕೆಂದು ಬಂದ ಕೈ ಹಾಗೇ ಉಳಿಯಿತು. ಅವರನ್ನು ಎಬ್ಬಿಸಲು ಬೇಕಾಯಿತು.

"ಅಕ್ಕನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ಅವರೇ ಹೇಳಿದರು. ಅಕ್ಕ ಚಪ್ಪಲಿ ಕೂಡ ಬಿಡದೆ ನಿಂತು ಪೂರ್ತಿ ಕೇಳಿದಳು. ಕಿರುಚಲಿಲ್ಲ. ಕಿರುಚಿದ್ದರೇ ಚೆನ್ನಾಗಿತ್ತು.

"ಆ ಮಗೂಗೆ ಎರಡನೇ ಸಲ ರಕ್ತ ತೆಗೆದಾಗ," ಎಂದಳು, "ನೀವು ನನ್ನ ಪಕ್ಕದಲ್ಲೇ ಕೂತಿದ್ರಿ. ಅವಳ ಕೈ ಹಿಡ್ಕೊಂಡಿದ್ದೇ ನೀವು."

ಅಷ್ಟೆ. ಆಮೇಲೆ ಫೋನು ಎತ್ತಿಕೊಂಡು ಹನ್ನೊಂದು ಮನೆಗೂ ಒಂದೊಂದಾಗಿ ತಾನೇ ವಿಷಯ ತಿಳಿಸಿದಳು. ಏನನ್ನೂ ಮುಚ್ಚಿಡಲಿಲ್ಲ. ಯಾರ ಹೆಸರನ್ನೂ ಬಿಡಲಿಲ್ಲ. ನರ್ಸಮ್ಮನ ಕಡೆಯಿಂದ ಎರಡು ನಿಮಿಷ ಬರೀ ಉಸಿರು. ಅಕ್ಕ ಆ ಎರಡು ನಿಮಿಷವೂ ಫೋನು ಇಡಲಿಲ್ಲ.

ಮಾರನೆಯ ದಿನ ಹೊಸ ಕಂಟ್ರಾಕ್ಟರ್ ಬಂದಳು. ಹೌದು, ಬಂದಳು! ಹೆಂಗಸು, ಐವತ್ತರ ಪ್ರಾಯ, ಮಾತು ಕಡಿಮೆ. ಹೇಳಿದ ಟೈಮಿಗೆ ಬಂದದ್ದನ್ನು ನೋಡಿ ನನಗೆ ಅನುಮಾನವೇ ಬಂತು.

"ಹತ್ತೊಂಬತ್ತು ದಿನ," ಎಂದಳು. "ನಾಲ್ಕು ಲಕ್ಷ ಮೂವತ್ತೈದು ಸಾವಿರ. ಟೈಲ್ಸ್ ಬೇರೆ."

"ಟೈಲ್ಸ್ ಯಾಕೆ ಬೇರೆ?"

"ಯಾಕಂದ್ರೆ ಅದು ಬೇರೆ."

ಭಾವನ ಕಾರು ಮಾರಿದೆವು. ಸಾಲದ್ದಕ್ಕೆ ನನ್ನ ಎರಡು ಕೇಸಿನ ಫೀಸು ಹೋಯಿತು. ಅಡುಗೆಮನೆ ಅಗೆದರು. ನಡುಮನೆ ಅಗೆದರು. ಅಗೆಯಬೇಕಾಗಿಲ್ಲ ಅಂದಿದ್ದ ಬಚ್ಚಲನ್ನೂ ಅಗೆದರು! ಧೂಳು ಹಾಸಿಗೆಯಲ್ಲಿ, ಧೂಳು ಅನ್ನದಲ್ಲಿ. ಆರನೇ ದಿನ ಪೈಪಿನ ಅಳತೆ ತಪ್ಪು ಬಂತು. ಒಂಬತ್ತನೇ ದಿನ ರಸ್ತೆ ಅಗೆಯುವ ಪರ್ಮಿಟ್ಟಿಗೆ ಒಂದು ಸಹಿ ಸಾಲದೆ ಎಲ್ಲರೂ ಕೈಕಟ್ಟಿ ಕೂತರು. ಸಹಿ ಮಾಡುವವರು ರಜೆಯ ಮೇಲಿದ್ದರು. ರಜೆಯಲ್ಲಿದ್ದವರ ಮನೆ ಹುಡುಕಿ ಸಹಿ ಹಾಕಿಸಿಕೊಂಡು ಬಂದೆ. ನನ್ನ ಕಸುಬು ಅಲ್ಲಾದರೂ ಉಪಯೋಗಕ್ಕೆ ಬಂತು.

ಮೂವತ್ತೆರಡು ಅಡಿ ಸೀಸ ಹೊರಗೆ ಬಂತು. ಹೊಸ ಪೈಪಿಗೆ ಒತ್ತಡ ಕೊಟ್ಟು ಒಂದು ಇಡೀ ದಿನ ಬಿಟ್ಟು ನೋಡಿದರು. ಒಂದು ಹನಿಯೂ ಸೋರಲಿಲ್ಲ.

ಈ ಹತ್ತೊಂಬತ್ತು ದಿನವೂ ಅಕ್ಕ ಭಾವನ ಜೊತೆ ಒಂದು ಮಾತೂ ಆಡಲಿಲ್ಲ. "ಊಟ ಆಗಿದೆ ಅಂತ ಅವರಿಗೆ ಹೇಳು," ಅನ್ನುತ್ತಿದ್ದಳು ನನಗೆ. ಭಾವ ಮೂರಡಿ ದೂರದಲ್ಲಿ ಕೂತಿರುತ್ತಿದ್ದರು.

ಟೆನ್ಶನ್ ಸ್ಟೇಷನ್ನಿನಲ್ಲಿ ಇಂಥದೇ ಇನ್ನೂ ಏಳು ಮನೆಗಳ ವಿಳಾಸ ಕೊಟ್ಟ. ಏಳೂ ಕಡೆ ಬಾಗಿಲು ತಟ್ಟಿ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಮೂರು ಕಡೆ ಬಾಗಿಲನ್ನು ಮುಖಕ್ಕೇ ಹಾಕಿದರು.

ಮುಂದಿನ ತಿಂಗಳು ಲ್ಯಾಬ್ ರಿಪೋರ್ಟ್ ಬಂತು. ನೀರಿನಲ್ಲಿ ಸೀಸ ಇಲ್ಲ. ಚೋಟುವಿನ ರಕ್ತದಲ್ಲೂ ಇಳಿಯತೊಡಗಿತ್ತು. ಪೂರ್ತಿ ಇಳಿಯಲು ಸಮಯ ಬೇಕು, ಕಾಯಬೇಕು ಅಂದರು ಡಾಕ್ಟರು.

ಆ ಸೋಮವಾರ ಬೇಬಿ ಸಿಟ್ಟಿಂಗ್ ಬಾಗಿಲು ಮತ್ತೆ ತೆರೆಯಿತು. ಹನ್ನೊಂದರಲ್ಲಿ ಆರು ಮಕ್ಕಳು ಬಂದವು. ಎಲ್ಲರಿಗಿಂತ ಮೊದಲು ಬಂದವಳು ನರ್ಸಮ್ಮ, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ಅಡುಗೆಮನೆಯವರೆಗೂ ನಡೆದು ಬಂದು ನಲ್ಲಿಯ ಮುಂದೆ ನಿಂತಳು.

ಅಕ್ಕ ನಲ್ಲಿ ತಿರುಗಿಸಿ ಒಂದು ಲೋಟ ತುಂಬಿಸಿದಳು. ಚೋಟು ಕೈ ಚಾಚಿತು. ಅಕ್ಕ ಲೋಟವನ್ನು ಅದರ ಕೈಗೆ ಕೊಡದೆ ಬಾಗಿಲ ಹತ್ತಿರ ನಿಂತಿದ್ದ ಭಾವನ ಮುಂದೆ ಹಿಡಿದಳು.

"ಮೊದಲು ನೀವು ಕುಡೀರಿ."

ಗನ್ನಿನ ಎದುರು ನಿಂತವರನ್ನು ನಾನು ನೋಡಿದ್ದೇನೆ ಸಾರ್. ಒಂದು ಲೋಟ ನೀರಿಗೆ ಅಷ್ಟು ಬೆವತವರನ್ನು ನೋಡಿಲ್ಲ.