ಎದುರು ಕುಂತು ಬೀಸಾಕಿ

ನಂಬದವರು ಬಂದು ಕೇಳಲಿ, ಟೇಪು ನನ್ನ ಹತ್ತಿರವೇ ಇದೆ. ಎಪ್ಪತ್ತೆರಡನೇ ಇಸವಿಯಲ್ಲಿ, ಪರೇಲಿನ ಚಾಳಿನ ನಮ್ಮ ಖೋಲಿಯಲ್ಲಿ, ಅವ್ವನ ಬೀಸುವ ಪದಗಳನ್ನು ಅದಕ್ಕೆ ತುಂಬಿದವನು ನಾನೇ. ಬೀಸುಕಲ್ಲು ಊರಲ್ಲೇ ಉಳಿದಿತ್ತು. ಒಂದು ಸಾಲು ಹಾಡಿ ಅವ್ವ ಸುಮ್ಮನಾಗುವಳು.

“ಯಾಕಬೇ, ನಿಂತಿ?”

“ಮುಂದಿನ ಸಾಲು ಎದುರು ಕುಂತು ಬೀಸಾಕಿದು, ನಿಮ್ಮ ದೊಡ್ಡವ್ವಂದು.”

ದೊಡ್ಡವ್ವ ತೀರಿ ಒಂಬತ್ತು ವರ್ಷವಾಗಿತ್ತು.

ಟೇಪು ಹಾಕಿದರೆ ಕಲ್ಲು ತಿರುಗುವ ಸಪ್ಪಳ. ಅವ್ವ ಬಿಟ್ಟ ಸಾಲುಗಳಲ್ಲೆಲ್ಲ ಇನ್ನೊಂದು ದನಿ. ಮನೆಯ ಮಕ್ಕಳನ್ನು ಹೆಸರು ಹಿಡಿದು ಹರಸುವುದು ಈ ಪದಗಳ ರೂಢಿ. “ಭೀಮರಾಯನ ಮಗಳು ಕಲ್ಲವ್ವ ನೂರ್ಕಾಲ ಬಾಳಲಿ” ಎಂದಿತು ಆ ದನಿ. ಭೀಮರಾಯನೆಂದರೆ ನಾನು, ಆಗ ನನಗೆ ಮದುವೆಯೇ ಆಗಿರಲಿಲ್ಲ.

ಎಪ್ಪತ್ತೈದರಲ್ಲಿ ಮಗಳು ಹುಟ್ಟಿದಳು. ಟೇಪು ಕೇಳಿಯೇ ಇರದ ನನ್ನ ತಂಗಿ, ತೊಟ್ಟಿಲ ಕೂಸಿನ ಕಿವಿಯಲ್ಲಿ ಕಲ್ಲವ್ವ ಎಂದೇ ಕರೆದಳು.

ಈಗ ಹೆಂಡತಿ ಮತ್ತೆ ಬಸುರಿ. ಟೇಪನ್ನು ಕೊನೆಯವರೆಗೂ ಕೇಳಿದ್ದೇನೆ. ಅದರಲ್ಲಿ ನನ್ನ ಒಂದು ಮಗುವಿನ ಹೆಸರಷ್ಟೇ ಇದೆ, ಇನ್ನೊಂದರದ್ದು ಇಲ್ಲ.