ತೀರದ ಮುಯ್ಯಿ

ಗುಂಡಿ ಒತ್ತುತ್ತಲೇ ಕೋಣೆಯ ಗೋಡೆ ಕರಗಿ ಅಂಗಳವಾಯಿತು. ಎಳೆಬಿಸಿಲು ಬಿತ್ತು, ಉದ್ದಿನ ಹಿಟ್ಟು, ಇಂಗಿನ ವಾಸನೆ ತೇಲಿತು. ನೆರೆಯ ಹೆಂಗಸರು ಮಣೆ, ಲಟ್ಟಣಿಗೆ ಹಿಡಿದು ನಗುತ್ತ ಬಂದು ಶಿವಗಂಗವ್ವನ ಸುತ್ತ ಕುಳಿತರು. ಅವರೆಲ್ಲ ಬರಿಯ ಬೆಳಕು. ಮುದುಕಿಯ ಕೈಯಲ್ಲಿದ್ದ ಹಿಟ್ಟಿನ ಉಂಡೆ ಮಾತ್ರ ನಿಜ.

ಗದಗಿನ ಹಿರಿಯರ ಆರೈಕೆ ಮನೆಯಲ್ಲಿ ಡಾಕ್ಟರ್ ಹೇಮಂತ ಹುಯಿಲಗೋಳ ಇರಿಸಿದ್ದ ಈ ಯಂತ್ರದ ಹೆಸರು ‘ಸ್ಮೃತಿಬಿಂಬಕ’. ಮರೆವಿನ ಕಾಯಿಲೆ ನಿನ್ನೆಯನ್ನು ಮೊದಲು ಅಳಿಸುತ್ತದೆ, ಕೈಗೆ ರೂಢಿಯಾದ ಕೆಲಸವನ್ನು ಕೊನೆಗೆ. ಆ ‘ಕೈನೆನಪ’ನ್ನು ಮಿದುಳಿನಿಂದ ಓದಿ, ಅದಕ್ಕೆ ತಕ್ಕ ಲೋಕವನ್ನು ಬೆಳಕು, ದನಿ, ವಾಸನೆಗಳಿಂದ ಸುತ್ತ ನೇಯುವುದು ಯಂತ್ರದ ಕೆಲಸ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಲೋಕ. ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಶಿವಗಂಗವ್ವ ಈಗ ಹಪ್ಪಳ ಲಟ್ಟಿಸುತ್ತ ಹಾಡತೊಡಗಿದಳು. ಡಾಕ್ಟರರು ಮೀಸೆ ತಿರುವಿಕೊಂಡದ್ದರಲ್ಲಿ ತಪ್ಪೇನಿಲ್ಲ.

ಆಮೇಲೆ ಅವಳು ಊಟ ಬಿಟ್ಟಳು. ತುತ್ತು ತಂದರೆ ಮುಖ ತಿರುಗಿಸುವಳು; ಲಟ್ಟಣಿಗೆ ಹಿಡಿದು ಮುಚ್ಚಿದ ಬಾಗಿಲ ಬಳಿ ನಿಲ್ಲುವಳು. ದಿನದಿಂದ ದಿನಕ್ಕೆ ಮೈ ಇಳಿಯಿತು.

“ಯಂತ್ರದಾಗ ದೋಷ ಇಲ್ರಿ. ಬೇಕಾದ್ರ ಇನ್ನಷ್ಟು ಹೆಂಗಸರನ್ನ ಕರಸ್ತೀನಿ” ಎಂದರು ಡಾಕ್ಟರು.

“ಒಮ್ಮೆ ಅವ್ವನ್ನ ಕೇಳಿ ನೋಡ್ರಿ” ಎಂದಳು ಮಗಳು ಕಸ್ತೂರಿ.

ಮಿದುಳನ್ನೇ ಓದಿದವರಿಗೆ ಬಾಯಿಯನ್ನು ಕೇಳುವುದು ಹೊಳೆದಿರಲಿಲ್ಲ. ಕೇಳಿದರು.

“ದಿನಾ ನನ್ನ ಮನಿಗೆ ಬಂದು ಹಪ್ಪಳ ಲಟ್ಟಸ್ತಾರ. ನಾ ಒಂದಿನಾನೂ ಅವರ ಮನಿಗೆ ಹೋಗಿಲ್ಲ. ಮುಯ್ಯಿ ತೀರಸದ ಹೆಂಗ ಉಣ್ಣಲೋ ತಮ್ಮಾ?” ಎಂದಳು ಮುದುಕಿ.

ನೆರೆಯವರನ್ನು ನೇಯ್ದಿದ್ದ ಡಾಕ್ಟರರು ಅವರಿಗೊಂದು ಮನೆಯನ್ನೇ ನೇಯ್ದಿರಲಿಲ್ಲ.

“ಅವರ ಮನಿಗಳನ್ನೂ ಮಾಡಬಹುದ್ರಿ. ಆರು ತಿಂಗಳು ಹಿಡೀತದ.”

“ಅಲ್ಲೀತನಕಾ ಅವ್ವ ಉಳೀಬೇಕಲ್ರಿ” ಎಂದ ಕಸ್ತೂರಿ ಎದ್ದು ಬಾಗಿಲು ತೆರೆದಳು.

ಎದುರು ಕೋಣೆಯಲ್ಲಿ ಮುದುಕ ಮಾಬುಸಾಬ ನದಾಫ ಯಂತ್ರ ನೇಯ್ದ ತನ್ನ ಅಂಗಡಿಯಲ್ಲಿ ಗಾದಿ ತುಂಬುತ್ತಿದ್ದ. ಸುತ್ತ ಬೆಳಕಿನ ಅರಳೆ ತೇಲುತ್ತಿತ್ತು, ತೊಡೆಯ ಮೇಲೆ ನಿಜದ ಅರಳೆ. ಶಿವಗಂಗವ್ವ ಒಳಗೆ ಹೋಗಿ, ಲಟ್ಟಣಿಗೆ ಬದಿಗಿಟ್ಟು ಅವನ ಪಕ್ಕ ಕುಳಿತು ಅರಳೆ ಹಿಂಜತೊಡಗಿದಳು.

“ಯಾರ ಮನಿಯವರ್ರಿ?”

“ಎದುರು ಮನ್ಯಾಕಿ. ಮುಯ್ಯಿಗೆ ಬಂದೇನಿ.”

“ಛಲೋ ಆತ್ರಿ. ಒಬ್ಬವಂದಽ ಕೈ ಸಾಲವಲ್ದಾಗಿತ್ತು.”

ಅಂದು ಮಧ್ಯಾಹ್ನ ಅವಳು ಎರಡು ರೊಟ್ಟಿ ಉಂಡಳು. ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಮಾಬುಸಾಬನೇ ಬಾಗಿಲಲ್ಲಿ ನಿಂತಿದ್ದ. ಯಾರಿಗೋ ಮುಯ್ಯಿ ಬಾಕಿಯಿದೆ ಎಂಬಷ್ಟು ಮಾತ್ರ ಅವನ ಮನಸ್ಸಿನಲ್ಲಿ ಉಳಿದಿತ್ತು. ಅವನು ಲಟ್ಟಿಸಿದ ಹಪ್ಪಳ ದಪ್ಪಗೆ, ಸೊಟ್ಟಗೆ.

“ಗಾದಿ ಅಲ್ಲೋ ಯಣ್ಣಾ ಅದು. ತೆಳ್ಳಗ ಮಾಡು” ಎಂದು ಬೈದಳು ಅವಳು, ಸುಖವಾಗಿ.

ಯಾರು ಯಾರಿಗೆ ತೀರಿಸಿದರೆಂಬುದು ಬೆಳಗಾಗುವುದರೊಳಗೆ ಇಬ್ಬರಿಗೂ ಮರೆಯುತ್ತಿತ್ತು. ಹೀಗಾಗಿ ಕೊಡಬೇಕಾದವರು ತಾವೇ ಎಂದು ಇಬ್ಬರೂ ನಂಬಿದ್ದರು. ಆ ಸಾಲ ತೀರಲೇ ಇಲ್ಲ. ಒಂದೊಂದಾಗಿ ಉಳಿದ ಬಾಗಿಲುಗಳೂ ತೆರೆದುಕೊಂಡವು. ಖಾಲಿ ಕೋಣೆಗಳಲ್ಲಿ ಬೆಳಕಿನ ನೆರೆಯವರು ಯಾರೂ ಇಲ್ಲದ ಜಾಗದ ಸುತ್ತ ಕುಳಿತು ನಗುತ್ತಿದ್ದರು.

ಯಂತ್ರ ನಿಲ್ಲಿಸಲು ಬಂದ ಡಾಕ್ಟರರು ಹಪ್ಪಳ ಲಟ್ಟಿಸುತ್ತಿದ್ದವರ ಗುಂಪಿನ ಬಳಿ ತಡೆದು ನಿಂತರು. ಶಿವಗಂಗವ್ವ ಅವರ ಕೈಗೆ ಒಂದು ಉಂಡೆ ಹಿಟ್ಟು ಕೊಟ್ಟಳು.

“ಕೂಡೋ ತಮ್ಮಾ. ನಿನ್ನ ಮನಿ ಯಾವುದು ಹೇಳು. ನಾಳೆ ನಾ ಬರ್ತೀನಿ.”